ವರ್ಡೆಲ್ ಆಂಟಿಯ ಕಾರ್ಡಿನಲ್ಲಿ ನನ್ನ ಹೆಸರು

ನಮ್ಮ ಮನೆತನದಲ್ಲಿ ಮಕ್ಕಳಿಗೆ ಹದಿನೆಂಟು ತುಂಬಿದರೆ ಬಟ್ಟೆ, ವಾಚು ಇಂಥದ್ದನ್ನು ಯಾರೂ ಕೊಡುತ್ತಿರಲಿಲ್ಲ. ವರ್ಡೆಲ್ ಆಂಟಿ ತಮ್ಮ ಕ್ರೆಡಿಟ್ ಕಾರ್ಡಿಗೆ ಆ ಮಗುವಿನ ಹೆಸರು ಸೇರಿಸುತ್ತಿದ್ದರು. ಅದೇ ಉಡುಗೊರೆ. ಬ್ಯಾಂಕಿನಿಂದ ಹೊಸ ಹೆಸರಿನ ಕಾರ್ಡು ಅಂಚೆಯಲ್ಲಿ ಬರುತ್ತಿತ್ತು. ಭಾನುವಾರ ಚರ್ಚು ಮುಗಿಸಿ ಬಂದು, ಕೋಳಿ, ಸೊಪ್ಪು, ಮ್ಯಾಕರೋನಿ ಎಲ್ಲ ತಿಂದಾದ ಮೇಲೆ ಆಂಟಿ ಆ ಕಾರ್ಡನ್ನು ಮಗುವಿನ ಕೈಗೆ ಕೊಟ್ಟು ಹೆಸರನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ಓದಿದ ಕೂಡಲೇ ವಾಪಸು ಕಸಿದುಕೊಂಡು, ಗೋಡೆಯ ಮೊಳೆಯಿಂದ ಕೋಳಿ ಕತ್ತರಿಸುವ ದೊಡ್ಡ ಕತ್ತರಿ ಇಳಿಸಿ, ಎಲ್ಲರ ಕಣ್ಣೆದುರೇ ಕಾರ್ಡನ್ನು ನಾಲ್ಕು ತುಂಡು ಮಾಡಿ ಹಳೆಯ ಕಾಫಿ ಡಬ್ಬಿಗೆ ಹಾಕುತ್ತಿದ್ದರು. "ಹೆಸರು ನಿಂದು. ಕಾರ್ಡು ನಂದು. ನೆನಪಿರ್ಲಿ" ಎನ್ನುತ್ತಿದ್ದರು. ಆಮೇಲೆ ಕೇಕು.

ಆ ಕತ್ತರಿ ಮೊಳೆಯಿಂದ ಇಳಿಯದೆ ಹೋದ ದಿನವೇ ನಮ್ಮ ಕೇಡುಗಾಲ ಶುರುವಾಯಿತು ಎಂದು ಈಗ ಅನ್ನಿಸುತ್ತದೆ.

ಆಂಟಿ ನನ್ನ ಅಮ್ಮನ ಅಕ್ಕ. ಮೇಕನ್ ಊರಿನ ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವರು. ಕೆಲಸ ಕಾಯಂ ಆದ ತಿಂಗಳಲ್ಲಿ, ಅಂದರೆ ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ, ಆ ಕಾರ್ಡು ಮಾಡಿಸಿದ್ದರು. ಅಲ್ಲಿಂದ ಇಲ್ಲಿಯವರೆಗೆ ಒಂದು ಕಂತೂ ಒಂದು ದಿನವೂ ತಡವಾಗಿರಲಿಲ್ಲ. ಬಿಲ್ಲು ಬಂದ ದಿನವೇ ಕನ್ನಡಕ ಏರಿಸಿ ಕೂತು ಕಟ್ಟಿಬಿಡುತ್ತಿದ್ದರು. ಆ ಕಾರ್ಡಿಗೆ ಸೇರಿಸಿದವರನ್ನು ಬ್ಯಾಂಕು ಅಧಿಕೃತ ಬಳಕೆದಾರರು ಎನ್ನುತ್ತದೆ. ಸಾಲ ತೀರಿಸುವ ಜವಾಬ್ದಾರಿ ಅವರದಲ್ಲ, ಆದರೆ ಕಾರ್ಡಿನ ಅಷ್ಟೂ ಚರಿತ್ರೆ ಅವರ ಸಾಲದ ವರದಿಯಲ್ಲೂ ಬಂದು ಕೂರುತ್ತದೆ. ಹಾಗಾಗಿ ನಾನು ಹದಿನೆಂಟಕ್ಕೆ, ಒಂದು ಡಾಲರ್ ಸಾಲವನ್ನೂ ಮಾಡದೆ, ನಾನು ಹುಟ್ಟುವುದಕ್ಕೂ ಮುಂಚಿನಿಂದ ಸಾಲ ತೀರಿಸಿಕೊಂಡು ಬಂದವಳ ಹಾಗೆ ಕಾಣುತ್ತಿದ್ದೆ. ಬೇರೆಯವರ ಮನೆಯಲ್ಲಿ ಹಿರಿಯರು ಜಮೀನು ಬಿಟ್ಟುಹೋಗುತ್ತಾರೆ. ನಮ್ಮಲ್ಲಿ ಬಿಟ್ಟುಹೋಗಲು ಇದ್ದದ್ದು ಆ ಒಂದು ದಿನಾಂಕ.

ಕಾರ್ಡಿನ ಕೆಟ್ಟದ್ದೂ, ಏರಿದ ಸಾಲ, ತಪ್ಪಿದ ಕಂತು, ಅದೇ ದಾರಿಯಲ್ಲಿ ಬರುತ್ತದೆ ಎಂಬುದು ನಮಗೆ ಗೊತ್ತಿರಲಿಲ್ಲ ಎಂದಲ್ಲ. ವರ್ಡೆಲ್ ಆಂಟಿಯ ವಿಷಯದಲ್ಲಿ ಆ ಮಾತು ಯಾರ ಬಾಯಿಗೂ ಬರಲಿಲ್ಲ.

ನನ್ನ ಹೆಸರು ಶಾಂಡ್ರಾ. ನನಗೆ ಹದಿನೈದಾದಾಗ ಅಮ್ಮ ತೀರಿಹೋದ ಮೇಲೆ ನನ್ನನ್ನು ಸಾಕಿದ್ದು ಆಂಟಿಯೇ. ಈಗ ಮೂವತ್ತನಾಲ್ಕು. ಹಲ್ಲಿನ ಡಾಕ್ಟರ ಬಳಿ ಜನರ ಹಲ್ಲು ಶುಚಿ ಮಾಡುವ ಕೆಲಸ. ಮಗಳು ಇಮಾನಿಗೆ ಎಂಟು ವರ್ಷ, ಉಬ್ಬಸ. ನಾವಿದ್ದ ಬಾಡಿಗೆ ಮನೆಯ ಗೋಡೆ ತುಂಬ ಬೂಷ್ಟು. ದೂರಿದಾಗಲೆಲ್ಲ ಮನೆ ಮಾಲೀಕ ಅದರ ಮೇಲೆ ಒಂದು ಕೈ ಬಣ್ಣ ಬಳಿಸುತ್ತಿದ್ದ, ಎರಡು ತಿಂಗಳಿಗೆ ಅದು ಬಣ್ಣದ ಮೇಲೂ ಬರುತ್ತಿತ್ತು. ಆ ಚಳಿಗಾಲದಲ್ಲಿ ಇಮಾನಿಯನ್ನು ಮೂರು ಸಲ ಆಸ್ಪತ್ರೆಗೆ ಹೊತ್ತೊಯ್ದೆ. ಮೂರನೆಯ ಸಲ ಡಾಕ್ಟರು ನನ್ನನ್ನು ಹೊರಗೆ ಕರೆದು, "ಈ ಮನೆ ಬಿಡಿ. ಔಷಧಿ ಕೊಡ್ತಾ ಇರ್ತೀನಿ, ಆದ್ರೆ ಮನೆ ಬಿಡಿ" ಎಂದರು.

ಅದಕ್ಕೇ ಎರಡು ಕೋಣೆಯ ಒಂದು ಇಟ್ಟಿಗೆ ಮನೆ ಕೊಳ್ಳಲು ಹೊರಟೆ. ರಾಜ್ಯದ ನೆರವಿನ ಸಾಲ ಸಿಗಲು ಕ್ರೆಡಿಟ್ ಸ್ಕೋರು, ಅಂದರೆ ಸಾಲದ ವರದಿ ನೋಡಿ ಕೊಡುವ ನಂಬರು, ಆರುನೂರ ಎಂಬತ್ತಕ್ಕಿಂತ ಮೇಲಿರಬೇಕಿತ್ತು. ನನ್ನದು ಏಳುನೂರ ಇಪ್ಪತ್ತನಾಲ್ಕು. ಸಾಲದ ಕಡತ ನೋಡುತ್ತಿದ್ದ ಮಿಸ್ಟರ್ ಹ್ಯಾಸ್ಕೆಲ್ ಎಂಬ ದಪ್ಪ ಮನುಷ್ಯ, "ಏಪ್ರಿಲ್ ಹದಿನೆಂಟು ಸಹಿ. ಅಲ್ಲೀವರೆಗೆ ಒಂದು ಸೋಫಾನೂ ಕೊಳ್ಳಬೇಡಿ. ಉಸಿರಾಡಿ, ಅಷ್ಟೇ. ಸಹಿಗೆ ಮುಂಚೆ ಇನ್ನೊಂದ್ಸಲ ನೋಡ್ತೀವಿ" ಎಂದ.

ಫೆಬ್ರವರಿಯಲ್ಲಿ ನನ್ನ ನಂಬರು ಏಳುನೂರ ಒಂಬತ್ತಕ್ಕೆ ಇಳಿಯಿತು.

ನಾನೇನೂ ಕೊಂಡಿರಲಿಲ್ಲ. ವರದಿ ತೆಗೆದು ನೋಡಿದೆ. ಆಂಟಿಯ ಕಾರ್ಡಿನ ಮಿತಿ ಹದಿನಾಲ್ಕು ಸಾವಿರ. ಅದರಲ್ಲಿ ಯಾವಾಗಲೂ ಇನ್ನೂರೋ ಮುನ್ನೂರೋ ಇರುತ್ತಿತ್ತು, ದಿನಸಿ ಮತ್ತು ಪೆಟ್ರೋಲು. ಈಗ ಮೂರು ಸಾವಿರದ ಒಂಬೈನೂರು. ಯಾವುದಕ್ಕೆ ಖರ್ಚಾಯಿತು ಎಂದು ನನ್ನ ವರದಿ ಹೇಳುವುದಿಲ್ಲ. ಮೊತ್ತ ಮಾತ್ರ. ಫೋನು ಮಾಡಿದೆ.

"ಆಂಟಿ, ಮನೆ ಛಾವಣಿ ಏನಾದ್ರೂ ರಿಪೇರಿ ಮಾಡಿಸಿದ್ರಾ?"

"ಯಾಕೆ, ನಿನ್ ತಲೆ ಮೇಲೆ ಸೋರ್ತಿದ್ಯಾ?"

"ಸುಮ್ನೆ ಕೇಳ್ದೆ. ಕಾರ್ಡಲ್ಲಿ ಸ್ವಲ್ಪ ಜಾಸ್ತಿ ಕಾಣ್ತು."

ಆ ಕಡೆ ಅವರ ಹಿಂದಿನಿಂದ ಒಂದು ಗಂಡು ದನಿ, ತುಂಬ ಮೆತ್ತಗೆ, "ಯಾರದು, ತಾಯಿ?" ಎಂದು ಕೇಳಿತು.

"ನಮ್ ಹುಡುಗಿ" ಎಂದರು ಆಂಟಿ ಅವನಿಗೆ. ನನಗೆ, "ಬ್ರದರ್ ಲೂಷಿಯಸ್ ಬಂದಿದ್ದಾರೆ. ಪ್ರಾರ್ಥನೆ ಗುಂಪಿನವ್ರು. ಒಳ್ಳೇ ಕೆಲ್ಸಕ್ಕೆ ಖರ್ಚಾಗಿದೆ ಬಿಡು. ಇಮಾನಿ ಹೇಗಿದಾಳೆ?" ಎಂದರು. ಮಾತು ಇಮಾನಿಯ ಕಡೆ ಹೋಯಿತು. ಅವರೇ ಆ ಕಡೆ ತಿರುಗಿಸಿದರು, ನಾನೂ ಬಿಟ್ಟೆ.

ಮಾರ್ಚಿನಲ್ಲಿ ಆರುನೂರ ಎಂಬತ್ತೆಂಟು. ಕಾರ್ಡಿನಲ್ಲಿ ಒಂಬತ್ತು ಸಾವಿರದ ನೂರು. ಆ ಭಾನುವಾರವೇ ಹೊರಟೆ.

ಅಡುಗೆ ಮನೆಯಲ್ಲಿ, ತೀರಿಹೋದ ಓಟಿಸ್ ಅಂಕಲ್ ಕೂರುತ್ತಿದ್ದ ಕುರ್ಚಿಯಲ್ಲಿ, ಐವತ್ತರ ಆಸುಪಾಸಿನ ಒಬ್ಬ ಕೂತಿದ್ದ. ಇಸ್ತ್ರಿ ಮಾಡಿದ ಬೂದು ಅಂಗಿ, ತಿದ್ದಿದ ಉಗುರು. ಆಂಟಿಯ ಪೌಂಡ್ ಕೇಕನ್ನು ಚೂರೂ ಉದುರಿಸದೆ ತಿನ್ನುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. ಕುರ್ಚಿ ಎಳೆದು ಕೊಟ್ಟ. ನಾನು ಬೆಳೆದ ಮನೆಯಲ್ಲಿ ನನಗೇ ಕುರ್ಚಿ ಕೊಟ್ಟ.

"ನಿಮ್ಮ ಆಂಟಿ ದೊಡ್ಡ ಮನಸ್ಸಿನವ್ರು" ಎಂದ. "ಅಪ್ಪ ಅಮ್ಮ ಇಲ್ಲದ ಹುಡುಗ್ರು, ಆಶ್ರಯದಲ್ಲಿ ಬೆಳೆದವ್ರು. ಅವ್ರಿಗೆಲ್ಲ ಯಾರು ಹೆಸರು ಕೊಡ್ತಾರೆ ಹೇಳಿ? ವರ್ಡೆಲ್ ತಾಯಿ ಕೊಟ್ಟಿದ್ದಾರೆ. ಹನ್ನೊಂದು ಜನಕ್ಕೆ."

"ಕಾರ್ಡಿಗೆ ಸೇರಿಸಿದ್ರಾ?" ಆಂಟಿಯನ್ನು ಕೇಳಿದೆ.

"ನಿಮಗೆಲ್ಲ ಮಾಡಿದ ಹಾಗೇನೇ" ಎಂದರು ಆಂಟಿ. ದನಿಯಲ್ಲಿ ಹೆಮ್ಮೆ ಇತ್ತು, ಆದರೆ ಕಣ್ಣು ನನ್ನನ್ನು ನೋಡಲಿಲ್ಲ.

"ಮಕ್ಕಳನ್ನ ನೋಡಿದ್ದೀರಾ?"

"ಒಂದು ದಿನ ಎಲ್ಲರನ್ನೂ ಊಟಕ್ಕೆ ಕರ್ಕೊಂಡ್ ಬರ್ತಾರಂತೆ."

"ಕಾರ್ಡುಗಳು?"

"ಬಂದ್ವು. ಅವ್ರೇ ತಗೊಂಡ್ ಹೋದ್ರು."

ನಾನು ಗೋಡೆಯ ಕಡೆ ನೋಡಿದೆ. ಕತ್ತರಿ ಮೊಳೆಯಲ್ಲೇ ಇತ್ತು. ಎದ್ದುಹೋಗಿ ಕಪಾಟಿನ ಮೇಲಿನ ಕಾಫಿ ಡಬ್ಬಿ ತೆಗೆದು ಒಳಗೆ ಇಣುಕಿದೆ. ನಮ್ಮವೇ ಹಳೆಯ ತುಂಡುಗಳು. ಹೊಸದು ಒಂದೂ ಇರಲಿಲ್ಲ. ಅಂದರೆ ಹನ್ನೊಂದು ಕಾರ್ಡು ಇಡಿಯಾಗಿ ಈ ಮನುಷ್ಯನ ಜೇಬಿನಲ್ಲಿದ್ದವು.

"ಕತ್ತರಿಸಲಿಲ್ವಾ?" ಎಂದೆ.

ಲೂಷಿಯಸ್ ನಕ್ಕ. "ನಂಬಿಕೆ ಇರೋ ಕಡೆ ಕತ್ತರಿ ಯಾಕೆ, ಸಿಸ್ಟರ್? ಆ ಹುಡುಗ್ರಿಗೆ ಜೀವನದಲ್ಲಿ ಮೊದಲ ಸಲ ಯಾರೋ ನಂಬಿದ್ದಾರೆ. ಅದನ್ನೂ ಕತ್ತರಿಸಿ ಕೊಡೋದಾ?" ಎಂದ. ಆಂಟಿ ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸುತ್ತಾ ಕೂತಿದ್ದರು.

ಹೊರಡುವಾಗ ಕೇಕನ್ನು ಕಾಗದದಲ್ಲಿ ಸುತ್ತಿ ಬಾಗಿಲವರೆಗೂ ಬಂದರು. ನನ್ನ ಮುಂಗೈ ಹಿಡಿದುಕೊಂಡರು. ಹಿಡಿತ ಬಿಗಿಯಾಗಿತ್ತು.

"ನಂಬರ್ ನೋಡ್ತಾ ಇದ್ದೀಯ ತಾನೇ?"

"ನೋಡ್ತೀನಿ ಆಂಟಿ. ಪ್ರತಿ ತಿಂಗ್ಳೂ."

"ನೋಡ್ತಾ ಇರು. ಬಿಡ್ಬೇಡ."

"ಆಂಟಿ, ಏನಾದ್ರೂ ತೊಂದ್ರೆ ಇದ್ರೆ..."

"ಚಳಿ ಇದೆ ತಾಯಿ" ಎಂದ ಲೂಷಿಯಸ್, ಹಿಂದೆಯೇ ಬಂದು ನಿಂತು. "ಒಳಗೆ ಬನ್ನಿ." ಆಂಟಿ ಕೈ ಬಿಟ್ಟರು, ಒಳಗೆ ಹೋದರು. ನಮ್ಮ ಊರಲ್ಲಿ ಮಾರ್ಚಿನ ಮಧ್ಯಾಹ್ನ ಯಾರಿಗೂ ಚಳಿಯಾಗುವುದಿಲ್ಲ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನನಗೆ ಗೊತ್ತಿತ್ತು. ಕಾರಿನಲ್ಲಿ ಕೂತು ಕೀಲಿ ತಿರುಗಿಸುವ ಹೊತ್ತಿಗೆ ಎಲ್ಲವೂ ಗೊತ್ತಿತ್ತು. ಬ್ಯಾಂಕಿಗೆ ಫೋನು ಮಾಡಿ ಇದು ಮೋಸ ಎಂದರೆ ಕಾರ್ಡಿಗೆ ಬೀಗ ಬೀಳುತ್ತದೆ, ವಿಚಾರಣೆ ಏಳುತ್ತದೆ, ಆ ಕಾರ್ಡಿನಲ್ಲಿ ನನ್ನ ಹೆಸರೂ ಇದೆ. ಹ್ಯಾಸ್ಕೆಲ್ ನನ್ನ ಕಡತವನ್ನು ಪಕ್ಕಕ್ಕಿಡುತ್ತಾನೆ. ಆ ಇಟ್ಟಿಗೆ ಮನೆಗೆ ಇನ್ನೊಬ್ಬರು ಕಾದು ನಿಂತಿದ್ದರು. ಇನ್ನೊಂದು ಚಳಿಗಾಲ ಆ ಬೂಷ್ಟಿನ ಗೋಡೆಗಳ ನಡುವೆ ಇಮಾನಿ. ಏಪ್ರಿಲ್ ಹದಿನೆಂಟು ದಾಟಲಿ, ಆಮೇಲೆ ಆ ಲೂಷಿಯಸ್‌ನ ಗ್ರಹಚಾರ ಬಿಡಿಸುತ್ತೇನೆ ಎಂದುಕೊಂಡೆ. ಮೂರು ನಾಲ್ಕು ವಾರದಲ್ಲಿ ಏನು ಮಹಾ ಆಗಿಬಿಡುತ್ತದೆ ಎಂದುಕೊಂಡೆ.

ಏಪ್ರಿಲ್ ಮೊದಲ ವಾರ ಆರುನೂರ ನಲವತ್ತಾರು.

ಈ ಸಲ ಬರೀ ಮೊತ್ತವಲ್ಲ. ಆಂಟಿಯ ಕಾರ್ಡಿನ ಎದುರು, ಅಷ್ಟು ವರ್ಷಗಳ ಹಸಿರು ಚೌಕಗಳ ಸಾಲಿನ ಕೊನೆಗೆ, ಒಂದು ಕೆಂಪು ಚೌಕ. ಮೂವತ್ತು ದಿನ ದಾಟಿದರೂ ಕಂತು ಕಟ್ಟಿಲ್ಲ. ನಾನು ಅದನ್ನು ಎಷ್ಟು ಹೊತ್ತು ನೋಡಿದೆನೋ ತಿಳಿಯದು. ಆಮೇಲೆ ಬಂದದ್ದು ಸಿಟ್ಟು. ಲೂಷಿಯಸ್ ಮೇಲಲ್ಲ, ಆಂಟಿಯ ಮೇಲೆ. ಜ್ವರದಲ್ಲಿ ಮಲಗಿದ್ದಾಗಲೂ, ಅಂಕಲ್‌ನನ್ನು ಹೂಳಿದ ವಾರದಲ್ಲೂ ತಪ್ಪದ ಕಂತು, ನನ್ನ ಮಗಳ ಉಸಿರಿನ ಪ್ರಶ್ನೆ ಬಂದಾಗಲೇ ತಪ್ಪಬೇಕಿತ್ತೇ? ಯಾವನೋ ಅಪರಿಚಿತನ ಹನ್ನೊಂದು ಮಕ್ಕಳಿಗಾಗಿ ಸಾಕಿದ ಮಗಳನ್ನೇ ಮುಳುಗಿಸಿದರಲ್ಲ ಎಂದು ಅತ್ತುಬಿಟ್ಟೆ.

ಹ್ಯಾಸ್ಕೆಲ್ ಮರುದಿನವೇ ಫೋನು ಮಾಡಿದ.

"ಇದು ನಿಮ್ಮ ಸಾಲ ಅಲ್ಲ ಕಣಮ್ಮ. ನೀವು ಬರೀ ಹೆಸರು. ಬ್ಯಾಂಕಿಗೆ ಫೋನ್ ಮಾಡಿ ಹೆಸರು ತೆಗೆಸ್ಬಿಡಿ, ಆ ಚರಿತ್ರೆನೇ ನಿಮ್ಮ ವರದಿಯಿಂದ ಹೋಗುತ್ತೆ. ಹಳೇ ಖಾತೆ ಹೋಗಿ ಸ್ವಲ್ಪ ಏಟು ಬೀಳುತ್ತೆ, ಆದ್ರೂ ಈ ಕೆಂಪು ಗುರುತಿಗಿಂತ ವಾಸಿ. ಬ್ಯಾಂಕಿನ ಕಾಗದ ನಂಗೆ ಕಳ್ಸಿ, ನಾನು ಬೇಗ ಮತ್ತೆ ನೋಡಿಸ್ತೀನಿ. ನಿಮ್ಮ ಆಂಟಿಯನ್ನ ಕೇಳೋ ಅಗತ್ಯನೂ ಇಲ್ಲ."

ಆದರೂ ಆಂಟಿಗೆ ಒಂದು ಸಲ ಫೋನು ಮಾಡಿದೆ. ಬೆಳಗಿನ ಹನ್ನೊಂದು ಗಂಟೆ. ಎತ್ತಿದ್ದು ಲೂಷಿಯಸ್. "ತಾಯಿ ಮಲಗಿದ್ದಾರೆ" ಎಂದ. ಬದುಕಿಡೀ ಬೆಳಗಿನ ನಾಲ್ಕಕ್ಕೆ ಎದ್ದು ಅಂಚೆ ವಿಂಗಡಿಸಿದ ಹೆಂಗಸು, ಹಗಲು ಹೊತ್ತು ಮಲಗಿದ್ದನ್ನು ನಾನು ಎಂದೂ ಕಂಡಿಲ್ಲ. ಆದರೂ "ಆಮೇಲೆ ಮಾಡ್ತೀನಿ" ಎಂದು ಇಟ್ಟೆ.

ಸೋಮವಾರ ಊಟದ ವೇಳೆಯಲ್ಲಿ, ಹಲ್ಲಿನ ಆಸ್ಪತ್ರೆಯ ಸಾಮಾನು ಕೋಣೆಯಲ್ಲಿ ಕೈಗವಸಿನ ಪೆಟ್ಟಿಗೆಗಳ ಮೇಲೆ ಕೂತು ಬ್ಯಾಂಕಿಗೆ ಫೋನು ಮಾಡಿದೆ. ನಾಲ್ಕು ನಿಮಿಷ. "ಖಂಡಿತ ತೆಗೀಬೇಕಾ ಮೇಡಂ?" ಎಂದು ಹುಡುಗಿಯೊಬ್ಬಳು ಕೇಳಿದಳು. "ತೆಗೀರಿ" ಎಂದೆ. "ಆಯ್ತು. ಖಾತೆದಾರರಿಗೂ ಒಂದು ಪತ್ರ ಹೋಗುತ್ತೆ" ಎಂದಳು. ಎದ್ದು ಕೈ ತೊಳೆದು, ಮುಂದಿನ ರೋಗಿಯ ಬಾಯಿ ತೆರೆಸಿದೆ.

ಹತ್ತು ದಿನದೊಳಗೆ ಆರುನೂರ ತೊಂಬತ್ತೊಂದು. ಹ್ಯಾಸ್ಕೆಲ್ "ಬದುಕಿಕೊಂಡ್ರಿ" ಎಂದ. ಆಂಟಿಯ ಕಾರ್ಡು ನನ್ನ ವರದಿಯಲ್ಲಿ ಇರಲಿಲ್ಲ, ಒಂದು ದಿನವೂ ಇರಲೇ ಇಲ್ಲ ಎಂಬ ಹಾಗೆ. ಅದರಲ್ಲಿ ಎಷ್ಟಾಯಿತು, ಮತ್ತೊಂದು ಕೆಂಪು ಬಿತ್ತೇ, ಏನೂ ಕಾಣದು. ಅದರಿಂದ ನನಗೆ ಹಾಯೆನಿಸಿತು ಎಂದು ಹೇಳಲು ನಾಚಿಕೆಯಾಗುತ್ತದೆ. ಹಾಯೆನಿಸಿತ್ತು.

ಹದಿನೆಂಟರಂದು ಸಹಿ ಹಾಕಿದೆ. ಮರುದಿನ ಶನಿವಾರ ಇಮಾನಿಯನ್ನು ಗೆಳತಿಯ ಮನೆಯಲ್ಲಿ ಬಿಟ್ಟು, ಪರ್ಸಿನಲ್ಲಿ ಹೊಸ ಮನೆಯ ಕೀಲಿ ಇಟ್ಟುಕೊಂಡು, ಲೂಷಿಯಸ್‌ಗೆ ಹೇಳಬೇಕಾದ ಮಾತನ್ನೆಲ್ಲ ದಾರಿಯುದ್ದಕ್ಕೂ ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಹೋದೆ.

ಬಾಗಿಲು ತೆರೆದೇ ಇತ್ತು. ಆಂಟಿ ಅಡುಗೆ ಮನೆಯಲ್ಲಿ ಒಬ್ಬರೇ ಕೂತಿದ್ದರು. ಓಟಿಸ್ ಅಂಕಲ್‌ನ ಕುರ್ಚಿ ಖಾಲಿ.

"ಎಲ್ಲಿ ಅವನು?"

"ಬುಧವಾರ ಹೋದ. ಕೆಲ್ಸ ಮುಗೀತಲ್ಲ." ಅವರು ಮೇಜಿನ ಮೇಲಿದ್ದ ಕಾಗದವನ್ನು ನನ್ನ ಕಡೆ ತಳ್ಳಿದರು. ನಾನು ಹಿಂದಿನ ದಿನವಷ್ಟೇ ಅಂಥ ಕಾಗದಗಳಿಗೆ ಸಹಿ ಹಾಕಿದ್ದರಿಂದ ಓದಲು ಕಷ್ಟವಾಗಲಿಲ್ಲ. ಆಂಟಿ ಮನೆಯನ್ನು ಹೆಸರು ಕೇಳದ ಯಾವುದೋ ಕಂಪನಿಗೆ ಬರೆದುಕೊಟ್ಟಿದ್ದರು. ತಿಂಗಳ ಕೊನೆಗೆ ಖಾಲಿ ಮಾಡಬೇಕು. ಪೊಲೀಸರಿಗೆ, ವಕೀಲರಿಗೆ ಆಮೇಲೆ ಹೇಳಿದೆವು. ಈ ಹೊತ್ತಿಗೂ ಹೇಳುತ್ತಲೇ ಇದ್ದೇವೆ.

"ಯಾಕೆ ಆಂಟಿ? ಯಾಕೆ ಸಹಿ ಹಾಕಿದ್ರಿ?"

"ಕಾರ್ಡಿನ ಸಾಲ ತೀರದಿದ್ರೆ ಅದಕ್ಕೆ ಸೇರಿಸಿದ ಮಕ್ಕಳನ್ನೆಲ್ಲ ಬ್ಯಾಂಕಿನವ್ರು ಹಿಡೀತಾರೆ, ಮನೆ ಬರೆದುಕೊಟ್ರೆ ಎಲ್ಲ ಸರಿ ಮಾಡ್ತೀನಿ ಅಂದ. ಸುಳ್ಳು ಅಂತ ಗೊತ್ತಿತ್ತು. ಒಂದು ತಿಂಗ್ಳು ತಡೆದೆ. ನನ್ ಹುಡುಗಿ ಬರ್ತಾಳೆ, ಅವಳನ್ನ ಕೇಳ್ದೆ ಹಾಕಲ್ಲ ಅಂದೆ."

"ನಂಗೊಂದು ಮಾತು ಹೇಳಿದ್ರೆ..."

"ಹೇಗೆ ಹೇಳ್ಲಿ? ಫೋನು ಅವನ ಜೇಬಲ್ಲಿ. ಫೋನು ಇದ್ದಿದ್ರೂ ಹೇಳ್ತಿದ್ನೋ ಇಲ್ವೋ. ನಿಮಗೆಲ್ಲ ಬುದ್ಧಿ ಹೇಳ್ದೋಳು ನಾನು. ಮುದುಕಿ ಕತ್ತರಿ ಮರೆತು ಮೋಸಹೋದಳು ಅಂತ ಯಾವ ಬಾಯಲ್ಲಿ ಹೇಳ್ಲಿ?" ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆಗ ಬಿಲ್ಲು ಬಂತು. ಕಟ್ಟೋಕೆ ದುಡ್ಡಿತ್ತು ಶಾಂಡ್ರಾ. ಆ ತಿಂಗಳ ಪಿಂಚಣಿ ಹಾಗೇ ಇತ್ತು. ಕಟ್ಟಲಿಲ್ಲ."

ನಾನು ಓಟಿಸ್ ಅಂಕಲ್‌ನ ಕುರ್ಚಿ ಎಳೆದು ಕೂತೆ.

"ಬೇಕು ಅಂತಲೇ ಕಟ್ಟಲಿಲ್ಲ. ಅವನಿಗೆ ಅದು ತಿಳಿಯೋದಿಲ್ಲ. ನಿಂಗೆ ತಿಳಿಯುತ್ತೆ. ನಾನು ಕಂತು ತಪ್ಪಿಸಿದೆ ಅಂದ್ರೆ ಏನರ್ಥ ಅಂತ ಪ್ರಪಂಚದಲ್ಲಿ ನಿನಗೊಬ್ಬಳಿಗೇ ಗೊತ್ತಾಗೋದು. ನಂಬರ್ ನೋಡಿದ ದಿನವೇ ಓಡಿ ಬರ್ತಾಳೆ ಅಂದ್ಕೊಂಡೆ. ಕಿಟಕಿ ಹತ್ರ ಕೂತಿರ್ತಿದ್ದೆ."

"ಆಂಟಿ..."

"ಹೋದ ಶನಿವಾರ ಬ್ಯಾಂಕಿಂದ ಪತ್ರ ಬಂತು. ಅವನೇ ಒಡೆದು ಓದ್ದ. 'ನೋಡಿದ್ರಾ ತಾಯಿ, ಸಾಕಿದ ಮಗಳೇ ಹೆಸರು ತೆಗೆಸ್ಕೊಂಡ್ಳು' ಅಂದ. ಸೋಮವಾರ ಸಹಿ ಹಾಕ್ದೆ."

ಅವರು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಸಹಿಯ ದಿನ ಅವರಿಗೆ ನೆನಪಿತ್ತು. ಕೈ ಚಾಚಿ, "ಎಲ್ಲಿ, ಕೀಲಿ ತೋರ್ಸು" ಎಂದರು. ಕೊಟ್ಟೆ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಗೋಡೆ ಒಣಗಿದ್ಯಾ?" ಎಂದು ಕೇಳಿದರು. ಒಣಗಿದೆ ಎಂದೆ. "ಮಗುಗೆ ಒಳ್ಳೇದಾಯ್ತು" ಎಂದರು. ನಮ್ಮ ಜೊತೆಗೇ ಬಂದುಬಿಡಿ ಎಂದೆ.

ಅವರು ಎದ್ದು ಕಪಾಟಿನ ಮೇಲಿನ ಕಾಫಿ ಡಬ್ಬಿ ಇಳಿಸಿದರು. ಕನ್ನಡಕ ಏರಿಸಿ, ಬಿಲ್ಲು ನೋಡುವಾಗ ಕೂರುತ್ತಿದ್ದ ಹಾಗೆಯೇ ನೆಟ್ಟಗೆ ಕೂತು, ತುಂಡುಗಳನ್ನು ಒಂದೊಂದಾಗಿ ಹೆಕ್ಕಿದರು. ನನ್ನ ಅಂಗೈ ಬಿಡಿಸಿ ಅದರಲ್ಲಿ ಕೀಲಿ ಇಟ್ಟರು. ಅದರ ಮೇಲೆ ಆ ತುಂಡುಗಳನ್ನಿಟ್ಟರು.

"ನಿನ್ನ ಹೆಸರು" ಎಂದರು. "ತಗೊಂಡ್ ಹೋಗು. ಇನ್ನು ನನ್ನ ಹತ್ರ ಯಾಕೆ."

ಎಣಿಸಿದೆ. ಕತ್ತರಿಸಿ ಹದಿನಾರು ವರ್ಷ ಆಗಿತ್ತು. ನಾಲ್ಕು ತುಂಡೂ ಇದ್ದವು.